ನಮ್ಮ ಹತ್ತಿಗೆ ದಾರಿ ತೋರಿದ ದೀಪ

ಗದಗಿನವರಿಗೆ ಸಮುದ್ರ ದೂರ. ಆದರೂ ಕಾರವಾರದ ಎದುರಿಗಿರುವ ದೇವಗಡ ದ್ವೀಪದ ದೀಪಸ್ತಂಭ ನಮ್ಮದೂ ಹೌದು ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಕಾಕಾನ ಜೊತೆ ಅಲ್ಲಿಗೆ ಹೋದ ದಿನ. ಕಾಕಾ ಗದಗಿನ ಮಾರ್ಕೆಟ್ಟಿನಲ್ಲಿ ಹತ್ತಿ ದಲಾಲಿ ಅಂಗಡಿ ನಡೆಸಿದವರು. ಈಗಲೂ ಒಂದು ಹಿಡಿ ಅರಳೆ ಸಿಕ್ಕರೆ ಸಾಕು, ಎರಡೂ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಎಳೆದು, ಎಳೆ ಎಷ್ಟು ಉದ್ದ ಅಂತ ನೋಡದೆ ಬಿಡುವುದಿಲ್ಲ.

ಯಲ್ಲಾಪುರ ದಾಟಿ ಬಸ್ಸು ಅರಬೈಲ್ ಘಟ್ಟ ಇಳಿಯುವಾಗ ಅವರು ಶುರು ಮಾಡಿದರು. "ತಮ್ಮಾ, ಲಾರಿ ಇಲ್ಲದ ಕಾಲದಾಗ ನಮ್ಮ ಮಂದಿ ಎತ್ತಿನ ಗಾಡಿಯೊಳಗ ಹತ್ತಿ ಹೇರಕೊಂಡು ಈ ಘಟ್ಟ ಇಳೀತಿದ್ರು ನೋಡ."

ಅದು ನಿಜ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ, ಇಂಗ್ಲೆಂಡಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಮಾಲು ಸಾಗಿಸಲು ಹತ್ತಿರದ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು, ಕಾರವಾರ ಬಂದರು ಬೆಳೆಯಿತು, 1864ರಲ್ಲಿ ಈ ದೀಪಸ್ತಂಭ ಎದ್ದಿತು. ಇದನ್ನು ನಮ್ಮ ಊರಿನ ಶಾಲೆಗಳಲ್ಲಿ ಹೇಳಲೇಬೇಕು ಅನ್ನುವುದು ನನ್ನ ಆಸೆ.

ಬೋಟು ದ್ವೀಪದ ಹತ್ತಿರ ಹೋದಂತೆ ಮರಗಳ ಮೇಲೆ ಬಿಳಿ ಗೋಪುರ ಕಂಡಿತು. ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೋಡುತ್ತಲೇ ಕೂತರು.

"ಈಗ ಎಲ್ಲರ ಹತ್ರ ಜಿಪಿಎಸ್ ಇದೆ, ಇದು ಯಾಕೆ ಬೇಕು?" ಅಂತ ಬೋಟಿನವರನ್ನು ಕೇಳಿದೆ. "ಜಿಪಿಎಸ್ ಇದೆ ಸರ್. ಆದ್ರೆ ರಾತ್ರಿ ಮೀನು ಹಿಡಿದು ಬರುವಾಗ ಮಷಿನ್ ಕೈಕೊಟ್ರೆ? ಲೈಟು ಕಂಡ್ರೆ ಧೈರ್ಯ" ಅಂದರು. ಒಂದೊಂದು ದೀಪಸ್ತಂಭಕ್ಕೂ ಅದರದ್ದೇ ಮಿಂಚಿನ ಲೆಕ್ಕ ಇರುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿಂಚಿತು ಅಂತ ಎಣಿಸಿ, ನಕ್ಷೆಯಲ್ಲಿ ನೋಡಿದರೆ ಹಡಗಿನವರಿಗೆ ಇದು ಕಾರವಾರವೋ, ಉಡುಪಿ ಕಡೆಯ ಕಾಪುವೋ ಗೊತ್ತಾಗುತ್ತದೆ. ದೊಡ್ಡ ದೀಪ ಇದ್ದರಷ್ಟೇ ಬೆಳಕು ದೂರ ಹೋಗುವುದಿಲ್ಲ. ಗಾಜಿನ ಪಟ್ಟಿಗಳನ್ನು ಉಂಗುರದಂತೆ ಜೋಡಿಸಿ, ಚದುರುವ ಬೆಳಕನ್ನೆಲ್ಲ ಒಂದೇ ಕಡೆ ತಿರುಗಿಸುವ ಮಸೂರವನ್ನು ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ಮಾಡಿದ. ಎಣ್ಣೆ ದೀಪದ ಕಾಲದಲ್ಲೂ ಬೆಳಕು ಮೈಲಿಗಟ್ಟಲೆ ಹೋಗುತ್ತಿದ್ದದ್ದು ಅದರಿಂದ. ಎಂಥಾ ತಲೆ ಅಲ್ವಾ!

1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯಿಂದ ಲೋಂಡಾ ಮೇಲೆ ಗೋವಾದ ಮುರ್ಮುಗಾವ್ ಬಂದರಿಗೆ ರೈಲು ಆಯಿತು, ನಮ್ಮ ಹತ್ತಿ ಆ ಕಡೆ ತಿರುಗಿತು, ಕಾರವಾರದ ವ್ಯಾಪಾರ ಸೊರಗಿತು. ದೀಪಸ್ತಂಭ ಮಾತ್ರ ಮೀನುಗಾರರಿಗೆ, ಬೇರೆ ಹಡಗುಗಳಿಗೆ ದುಡಿಯುತ್ತಲೇ ಬಂದಿದೆ.

ಮಳೆಗಾಲದಲ್ಲಿ ಸಮುದ್ರದ ಅಬ್ಬರ ಜಾಸ್ತಿ. ಅದಕ್ಕೇ ದೀಪಾವಳಿ ಮುಗಿದ ಮೇಲೆ ಮಾರ್ಕೆಟ್ಟಿನ ಹಮಾಲರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಕಾಕಾ ಹಟ ಹಿಡಿದಿದ್ದಾರೆ. ಬಸ್ಸು ಗೊತ್ತು ಮಾಡುವ ಕೆಲಸ ನನ್ನದು.