ಒಂದೇ ಲೇಖನ, ಇಬ್ಬರು ಸಂಪಾದಕರು

ಮೊನ್ನೆ ಹಳೆಯ ಮೇಲ್‌ಗಳನ್ನು ಅಳಿಸುತ್ತಾ ಕೂತಿದ್ದಾಗ ಆ ಸಾಲು ಮತ್ತೆ ಕಣ್ಣಿಗೆ ಬಿತ್ತು. ‘ಈ ಲೇಖನ ನನ್ನ ಸ್ವಂತದ್ದು, ಅಪ್ರಕಟಿತ. ಬೇರೆ ಯಾವ ಪತ್ರಿಕೆಗೂ ಕಳಿಸಿಲ್ಲ.’ ಎಂಟು ವರ್ಷ ಕಳೆದಿದೆ. ಈಗಲೂ ಓದಿದರೆ ಮುಖ ಬಿಸಿಯಾಗುತ್ತದೆ.

ಆಗ ನಾನು ಫ್ರೀಲಾನ್ಸ್ ಬರವಣಿಗೆಗೆ ಹೊಸಬಳು. ರಾತ್ರಿ ಪಾಳಿಯ ನರ್ಸ್‌ಗಳ ನಿದ್ದೆ ಬಗ್ಗೆ 1,800 ಪದ ಬರೆದು ಒಂದು ಮಾಸಿಕಕ್ಕೆ ಕಳಿಸಿದ್ದೆ. ಏಳು ವಾರ ಉತ್ತರವಿಲ್ಲ. ಫೋನ್ ಮಾಡಿ ಕೇಳಲು ಸಂಕೋಚ. ಉತ್ತರ ಇಲ್ಲ ಅಂದ್ರೆ ಬೇಡ ಅಂತಲೇ ಅರ್ಥ ಅಂದುಕೊಂಡೆ. ಅದೇ ಲೇಖನವನ್ನು, ಅದೇ ಸಾಲಿನ ಸಮೇತ, ಇನ್ನೊಂದು ಪತ್ರಿಕೆಗೆ ಕಳಿಸಿದೆ.

ಅವರು ನಾಲ್ಕೇ ದಿನಕ್ಕೆ ‘ತಗೊಳ್ತೀವಿ’ ಅಂದರು. ಖುಷಿಯಿಂದ ಒಪ್ಪಿಗೆ ಬರೆದೆ. ಮರುದಿನ ಮಧ್ಯಾಹ್ನ ಮಾಸಿಕದ ಸಂಪಾದಕರ ಫೋನ್. ‘ಪ್ರೂಫ್ ಕಳಿಸಿದ್ದೀನಿ ಮೇಡಂ, ಬೇಗ ನೋಡಿಕೊಡಿ. ಸಂಜೆ ಫಾರಂ ಪ್ರೆಸ್ಸಿಗೆ ಹೋಗುತ್ತೆ.’ ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು.

ತೆರೆದು ನೋಡಿದೆ. ಮೂರು ಪುಟ. ಮೇಲೆ ನನ್ನ ಹೆಸರು. ಪಕ್ಕದಲ್ಲಿ, ಹಗಲು ಬೆಳಕಿಗೆ ಪರದೆ ಎಳೆಯುತ್ತಿರುವ ಹೆಂಗಸಿನ ಚಿತ್ರ. ನನ್ನ ಬರಹ ಓದಿ ಯಾರೋ ಕೂತು ಬರೆದ ಚಿತ್ರ ಅದು. ಏನೂ ಹೇಳದೆ ಇದ್ದುಬಿಡೋಣ ಅಂತ ನಲವತ್ತು ನಿಮಿಷ ಯೋಚಿಸಿದೆ. ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಮೂರನೇ ಸಲ ಹೇಳಿಬಿಟ್ಟೆ.

ಆ ಕಡೆ ಕೀಬೋರ್ಡ್ ಸದ್ದು ಮಾತ್ರ. ನನ್ನ ಹಳೆಯ ಮೇಲ್ ಹುಡುಕುತ್ತಿದ್ದರು. ಸಿಕ್ಕ ಮೇಲೆ ಆ ಸಾಲನ್ನು ನಿಧಾನವಾಗಿ ಓದಿದರು. ‘ಇದು ನೀವೇ ಬರೆದದ್ದಲ್ವಾ?’ ಬೈದಿದ್ದರೆ ವಾಸಿಯಿತ್ತು.

ಹದಿನಾರು ಪುಟದ ಫಾರಂನಲ್ಲಿ ಮೂರು ಪುಟ ಕಿತ್ತರೆ ಸಂಜೆಯೊಳಗೆ ಬೇರೆ ಏನಾದರೂ ತುಂಬಬೇಕು. ಹಾಗಾಗಿ ಅವರು ಲೇಖನ ಉಳಿಸಿಕೊಂಡರು. ಎರಡನೆಯವರಿಗೆ ನಡೆದದ್ದನ್ನೆಲ್ಲ ಬರೆದು ಲೇಖನ ಹಿಂದಕ್ಕೆ ಪಡೆದೆ. ಅವರು ಮತ್ತೆಂದೂ ನನ್ನ ಮೇಲ್‌ಗೆ ಉತ್ತರಿಸಲಿಲ್ಲ.

ಸಂಪಾದಕರ ಮೇಲೂ ನನಗೆ ಸಿಟ್ಟಿದೆ. ‘ತಲುಪಿದೆ, ನೋಡುತ್ತಿದ್ದೇವೆ’ ಅನ್ನಲು ಒಂದು ನಿಮಿಷ ಸಾಕು. ಬರೆದವರು ತಿಂಗಳುಗಟ್ಟಲೆ ಕಾಯಬೇಕು, ದುಡ್ಡು ಮಾತ್ರ ಅಚ್ಚಾದ ಮೇಲೆ. ಇದು ಸರಿಯಲ್ಲ. ಆದರೆ ಮಾಸಿಕದ ಕೆಲಸ ಎರಡು ಮೂರು ತಿಂಗಳು ಮುಂಚೆಯೇ ಶುರುವಾಗಿರುತ್ತದೆ ಅಂತ ನಾನೂ ತಿಳಿದುಕೊಂಡಿರಲಿಲ್ಲ. ನಾನು ಕೈಬಿಟ್ಟ ಹೊತ್ತಿಗೆ ಆ ಲೇಖನ ಅವರ ಪಟ್ಟಿ ಸೇರಿಯಾಗಿತ್ತು.

ಈಗ ಇಡೀ ಲೇಖನ ಬರೆದು ಕಳಿಸುವುದು ಕಡಿಮೆ. ಮೊದಲು ಒಂದು ಪ್ಯಾರಾ: ವಿಷಯ ಏನು, ಯಾರ ಜೊತೆ ಮಾತಾಡಿದ್ದೇನೆ, ಎಷ್ಟು ಪದ, ಈ ಪತ್ರಿಕೆಯ ಓದುಗರಿಗೆ ಯಾಕೆ ಬೇಕು. ಉತ್ತರ ಬರದಿದ್ದರೆ ಒಮ್ಮೆ ನೆನಪಿಸುತ್ತೇನೆ. ಆಮೇಲೂ ಸುಮ್ನೆ ಇದ್ದರೆ, ಹಿಂದಕ್ಕೆ ಪಡೆದಿದ್ದೇನೆ ಅಂತ ಬರೆದು ತಿಳಿಸಿದ ಮೇಲೆಯೇ ಇನ್ನೊಬ್ಬರ ಹತ್ತಿರ ಹೋಗುವುದು.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಮಾರಬೇಕಾದ್ದು ಒಂದೇ ಲೇಖನವನ್ನು ಎರಡು ಕಡೆ ಅಲ್ಲ, ಒಂದೇ ಓಡಾಟದಿಂದ ಎರಡು ಲೇಖನ. ಆ ನರ್ಸ್‌ಗಳಲ್ಲಿ ಒಬ್ಬರು, ತಾನು ಏಳುವ ಹೊತ್ತಿಗೆ ಮಗಳು ಶಾಲೆಯಿಂದ ಬಂದು ಬಾಗಿಲ ಹೊರಗೆ ಶೂ ಬಿಚ್ಚಿ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬರುತ್ತಾಳೆ ಅಂದಿದ್ದರು. ಮೊದಲ ಲೇಖನದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅದನ್ನೇ ಹಿಡಿದು, ಅವರನ್ನು ಮತ್ತೆ ಮಾತಾಡಿಸಿ, ಮಕ್ಕಳ ಪಾಲನೆಯ ಪತ್ರಿಕೆಯೊಂದಕ್ಕೆ 900 ಪದ ಹೊಸದಾಗಿ ಬರೆದೆ. ಅದು ಮೊದಲನೆಯದಕ್ಕಿಂತ ಒಳ್ಳೆಯ ಬರಹ.

ಆ ಸಾಲನ್ನು ಈಗಲೂ ಪ್ರತಿ ಮೇಲ್‌ನಲ್ಲಿ ಹಾಕುತ್ತೇನೆ. ಕಾಪಿ ಪೇಸ್ಟ್ ಮಾಡುವುದಿಲ್ಲ, ಪ್ರತಿ ಸಲ ಟೈಪ್ ಮಾಡುತ್ತೇನೆ.