ನೈಟ್ರೋ ಟ್ರಕ್ಕು ಟಾರ್ ರೋಡಿಗೆ: ಹಾಸನದಲ್ಲಿ ಇಲ್ಲಿವರೆಗೂ ಆಗಿರೋ ಕೆಲ್ಸ

ಗಾಡಿ ಅಂದ್ರೆ ರಿಮೋಟಲ್ಲಿ ಓಡೋ ಮಾಡೆಲ್ ಟ್ರಕ್ಕು, ಟ್ರಾಕ್ಸಾಸ್ ಕಂಪನಿಯ ಟಿ-ಮ್ಯಾಕ್ಸ್ 3.3, ಸೆಕೆಂಡ್ ಹ್ಯಾಂಡು, ಮಂಗಳೂರಿಂದ ತಂದಿದ್ದು. 3.3 ಸಿಸಿ ನೈಟ್ರೋ ಇಂಜಿನ್ (ಮೆಥನಾಲು, ನೈಟ್ರೋಮೀಥೇನ್ ಬೆರೆಸಿದ ಫ್ಯೂಯಲ್‌ನಲ್ಲಿ ಓಡೋದು), ಫೋರ್ ವ್ಹೀಲ್ ಡ್ರೈವ್, ಎರಡು ಗೇರು, ಒಂದೊಂದು ಚಕ್ರಕ್ಕೆ ಎರಡೆರಡು ಶಾಕ್ ಅಂದ್ರೆ ಒಟ್ಟು ಎಂಟು. ಇದನ್ನ ಮಾಡಿರೋದೇ ಮಣ್ಣಲ್ಲಿ ಓಡಿ ದಿಬ್ಬ ಹಾರೋಕೆ. ಆದ್ರೆ ನಮ್ ಹಾಸನದಲ್ಲಿ ಈಗ ಸುಲಭಕ್ಕೆ ಸಿಗೋ ಜಾಗ ಅಂದ್ರೆ ಊರ ಹೊರಗೆ ರೋಡ್ ಹಾಕಿ ಸೈಟ್ ಕಲ್ಲು ನೆಟ್ಟು ಇನ್ನೂ ಮನೆ ಎದ್ದಿಲ್ಲದ ಲೇಔಟ್‌ಗಳು, ಟಾರು ಹೊಸದು, ನುಣ್ಣಗಿರತ್ತೆ, ಜನ ಇರಲ್ಲ, ಹಂಗಾಗಿ ಟ್ರಕ್ಕನ್ನೇ ಅದಕ್ಕೆ ತಕ್ಕ ಹಂಗೆ ಮಾಡೋಣ ಅಂತ ಕೂತೆ. ವಾಹನ ಓಡಾಡೋ ರೋಡಲ್ಲಿ ಬಿಡೋ ಮಾತೇ ಇಲ್ಲ, ಲೇಔಟ್‌ನವ್ರನ್ನ ಕೇಳ್ಕೊಂಡು ಬೆಳಗ್ಗೆ ಹೊತ್ತು ಮಾತ್ರ.

ನೋಡಿದವ್ರೆಲ್ಲ ಕೇಳೋದು ಎಷ್ಟು ಸ್ಪೀಡ್ ಹೋಗತ್ತೆ ಅಂತ. ನಾನು ಶುರು ಮಾಡಿದ್ದು ನಿಲ್ಸೋ ಕಡೆಯಿಂದ. ಮಣ್ಣಲ್ಲಾದ್ರೆ ಹಿಡಿತ ತಪ್ಪಿದ ಗಾಡಿ ಎಲ್ಲಾದ್ರೂ ಹುಲ್ಲಿಗೆ ಸಿಕ್ಕಾಕ್ಕೊಂಡು ನಿಲ್ಲತ್ತೆ, ಟಾರಲ್ಲಿ ಅದನ್ನ ತಡೆಯೋಕೆ ಏನೂ ಇಲ್ಲ, ನಾಲ್ಕೈದು ಕೇಜಿ ಗಾಡಿ ಫುಲ್ ಥ್ರಾಟಲ್‌ನಲ್ಲಿ ಯಾರ ಕಾಲಿಗಾದ್ರೂ ಹೊಡೆದ್ರೆ ಮೂಳೆ ಉಳಿಯಲ್ಲ. ಹಳೇ 27 ಮೆಗಾಹರ್ಟ್ಸ್ ರೇಡಿಯೋ ತೆಗೆದಾಕಿ 2.4 ಗಿಗಾಹರ್ಟ್ಸ್ ಸೆಟ್ ಕೂರಿಸ್ದೆ, ಸಿಗ್ನಲ್ ಹೋದ ತಕ್ಷಣ ಥ್ರಾಟಲ್ ಸರ್ವೋ (ಥ್ರಾಟಲ್ಲೂ ಬ್ರೇಕೂ ಎಳೆಯೋ ಸಣ್ಣ ಮೋಟರು) ಬ್ರೇಕ್ ಕಡೆಗೆ ತಿರುಗೋ ಹಂಗೆ ಫೇಲ್‌ಸೇಫ್ ಸೆಟ್ ಮಾಡ್ದೆ. ಇಲ್ಲೊಂದು ವಿಷ್ಯ ತುಂಬಾ ಜನ ಬಿಟ್ಟುಬಿಡ್ತಾರೆ. ಫೇಲ್‌ಸೇಫ್ ಕೆಲ್ಸ ಮಾಡ್ಬೇಕು ಅಂದ್ರೆ ರಿಸೀವರ್‌ಗೆ ಕರೆಂಟ್ ಇರ್ಬೇಕು, ಗಾಡೀಲಿರೋ ಬ್ಯಾಟರೀನೇ ಸತ್ತೋದ್ರೆ ಸರ್ವೋ ಎಲ್ಲಿತ್ತೋ ಅಲ್ಲೇ ನಿಂತುಬಿಡತ್ತೆ, ಇಂಜಿನ್ ಮಾತ್ರ ಓಡ್ತಾನೇ ಇರತ್ತೆ ಯಾಕಂದ್ರೆ ಅದಕ್ಕೆ ಬ್ಯಾಟರಿ ಬೇಕಾಗಿಲ್ಲ. ಹಂಗಾಗಿ ಕಾರ್ಬ್ಯುರೇಟರ್ ಲಿಂಕೇಜಿಗೆ (ಸರ್ವೋ ಎಳೆಯೋ ಕಡ್ಡಿಗೆ) ಒಂದು ರಿಟರ್ನ್ ಸ್ಪ್ರಿಂಗ್ ಕಟ್ಟಲೇಬೇಕು, ಸರ್ವೋ ಸತ್ರೂ ಸ್ಪ್ರಿಂಗೇ ಎಳೆದು ಥ್ರಾಟಲ್ ಮುಚ್ಚತ್ತೆ. ನಾಲ್ಕು ಪೆನ್ಸಿಲ್ ಸೆಲ್ ಹಾಕೋ ಡಬ್ಬಿ ತೆಗೆದು ರೀಚಾರ್ಜ್ ಮಾಡೋ 6 ವೋಲ್ಟಿನ ಎನ್‌ಐಎಂಎಚ್ ಪ್ಯಾಕ್ ಹಾಕಿದೀನಿ, ಅಲುಗಾಟಕ್ಕೆ ಸೆಲ್ ಜಾರೋ ಭಯ ಇಲ್ಲ. ಚಕ್ರ ಎತ್ತಿಟ್ಟು, ರಿಮೋಟ್ ಆಫ್ ಮಾಡಿ, ಬ್ರೇಕ್ ಬೀಳತ್ತಾ ನೋಡಿ, ಆಮೇಲೇ ಪ್ರತಿ ಸಲ ನೆಲಕ್ಕೆ ಇಳಿಸೋದು.

ಆಮೇಲೆ ಎತ್ತರ. ಮಣ್ಣಲ್ಲಿ ಟೈರ್ ಜಾರತ್ತೆ, ಜಾರೋದೇ ಒಳ್ಳೇದು, ತಿರುವಲ್ಲಿ ಗಾಡಿ ಬೀಳಲ್ಲ. ಟಾರಲ್ಲಿ ಟೈರ್ ಕಚ್ಕೊಳತ್ತೆ, ಮೇಲಿನ ಭಾರ ಮಾತ್ರ ಮುಂದಕ್ಕೆ ಹೋಗ್ತಾ ಇರತ್ತೆ, ಅಷ್ಟೇ, ಪಲ್ಟಿ. ಟಿ-ಮ್ಯಾಕ್ಸ್ ಎತ್ತರಕ್ಕೆ ಇದು ಗ್ಯಾರಂಟಿ. ಶಾಕ್ ಬಿಚ್ಚಿ ಒಳಗೆ ಪಿಸ್ಟನ್ ಕೆಳಗೆ ಫ್ಯೂಯಲ್ ಟ್ಯೂಬಿನ ತುಂಡು ಹಾಕ್ದೆ, ಶಾಕ್ ಪೂರ್ತಿ ಉದ್ದ ಬಿಚ್ಕೊಳಲ್ಲ, ಗಾಡಿ ತಾನಾಗೇ ಕೂರತ್ತೆ. ಸ್ಪ್ರಿಂಗ್ ಗಟ್ಟಿದು, ಶಾಕ್ ಆಯಿಲ್ ದಪ್ಪನೇದು, 60 ವೇಟು. ಹಿಂದಕ್ಕಿಂತ ಮುಂದೆ ಸ್ವಲ್ಪ ಜಾಸ್ತಿ ಗಟ್ಟಿ ಇಟ್ಟಿದೀನಿ, ಆಗ ತಿರುವಲ್ಲಿ ಮುಂದಿನ ಟೈರೇ ಮೊದ್ಲು ಜಾರಿ ಗಾಡಿ ಅಗಲಕ್ಕೆ ಹೋಗತ್ತೆ ಹೊರತು ಮಗುಚಲ್ಲ. ಪಿವೋಟ್ ಬಾಲ್ ತಿರುಗಿಸಿ ನಾಲ್ಕೂ ಚಕ್ರಕ್ಕೆ ಒಂದು ಡಿಗ್ರಿ ಆಸುಪಾಸು ನೆಗೆಟಿವ್ ಕ್ಯಾಂಬರ್, ಅಂದ್ರೆ ಚಕ್ರದ ಮೇಲ್ಭಾಗ ಸ್ವಲ್ಪ ಒಳಕ್ಕೆ ವಾಲಿರತ್ತೆ.

ಟೈರ್ ಬೆಲ್ಟೆಡ್ (ಉಬ್ಬದ ಹಂಗೆ ಒಳಗೆ ಪಟ್ಟಿ ಇರೋದು) ತಗೊಂಡೆ, ದುಬಾರಿ ಆದ್ರೂ ಇದ್ರಲ್ಲಿ ಉಳಿಸಬೇಡಿ. ಮಾಮೂಲಿ ಟೈರ್ ಸ್ಪೀಡಲ್ಲಿ ಬಲೂನ್ ಥರ ಉಬ್ಬಿ ಮಧ್ಯದ ಒಂದು ಗೆರೆ ಮಾತ್ರ ರೋಡಿಗೆ ತಾಗತ್ತೆ. ಹೊಸ ಟೈರ್ ವ್ಯಾಸ ಸುಮಾರು 13 ಸೆಂಟಿಮೀಟರು, ಹಳೇದು 15 ಇತ್ತು, ಅಂದ್ರೆ ಒಂದು ಸುತ್ತಿಗೆ ಹೋಗೋ ದೂರ ಶೇಕಡಾ 13ರಷ್ಟು ಕಮ್ಮಿ. ಅದನ್ನ ಸರಿದೂಗಿಸೋಕೆ 18 ಹಲ್ಲಿನ ಕ್ಲಚ್ ಬೆಲ್ (ಇಂಜಿನ್ ಕಡೆಯ ಸಣ್ಣ ಗೇರು) ಬದ್ಲು 20ರದ್ದು ಹಾಕ್ದೆ, ಅಲ್ಲಿ ಶೇಕಡಾ 11 ವಾಪಸ್ ಬಂತು. ಇಂಜಿನ್ ಸ್ವಲ್ಪ ಹಿಂದೆ ಸರಿಸಿ, ಕ್ಲಚ್ ಬೆಲ್ಲು, ಅದು ತಿರುಗಿಸೋ ದೊಡ್ಡ ಗೇರು ಎರಡರ ಮಧ್ಯೆ ನೋಟ್‌ಬುಕ್ಕಿನ ಹಾಳೆ ತುಂಡು ಇಟ್ಟು ಒತ್ತಿ, ಬೋಲ್ಟ್ ಬಿಗಿ ಮಾಡಿ, ಹಾಳೆ ತೆಗೆದ್ರೆ ಮೆಶ್ (ಹಲ್ಲುಗಳ ಹೊಂದಿಕೆ) ಸರಿಯಾಗಿ ಕೂತಿರತ್ತೆ.

ಈಗ ಅಸಲಿ ಕೆಲ್ಸ, ಟ್ಯೂನಿಂಗ್. ಗಾಡಿ ಮಂಗಳೂರಲ್ಲಿ ಸಮುದ್ರದ ಮಟ್ಟದಲ್ಲಿ ಟ್ಯೂನ್ ಆಗಿತ್ತು. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟಿ ಇಲ್ಲಿಗೆ ಬಂದ್ರೆ ನಾವು ಹತ್ತತ್ರ 950 ಮೀಟರ್ ಮೇಲಿದೀವಿ, ಗಾಳಿ ಶೇಕಡಾ 8-9ರಷ್ಟು ತೆಳು. ಕಾರ್ಬ್ಯುರೇಟರ್‌ನಲ್ಲಿ ಫ್ಯೂಯಲ್ ಅಳತೆ ಮಾಡೋ ಸೂಜಿ (ನೀಡಲ್) ಅದೇ, ಬೀಳೋ ಫ್ಯೂಯಲ್ ಹತ್ತತ್ರ ಅಷ್ಟೇ, ಗಾಳಿ ಕಮ್ಮಿ, ಅಂದ್ರೆ ರಿಚ್, ಗಾಳಿಗೆ ಹೋಲಿಸಿದ್ರೆ ಫ್ಯೂಯಲ್ ಜಾಸ್ತಿ. ಬಂದ ದಿನ ಸ್ಟಾರ್ಟ್ ಮಾಡಿದ್ರೆ ದಟ್ಟ ಹೊಗೆ, ಥ್ರಾಟಲ್ ಒತ್ತಿದ್ರೆ ಗೊರಗೊರ ಅಂದು ಏಳೋದೇ ಇಲ್ಲ. ಇಂಜಿನ್ ಹೋಗಿದೆ ಅಂತ ಪಕ್ಕದವ್ರು ಅಂದ್ರು, ಇಂಜಿನ್ ಚೆನ್ನಾಗೇ ಇತ್ತು. ಹೈ ಸ್ಪೀಡ್ ನೀಡಲ್ ಒಂದ್ ಸಲಕ್ಕೆ 1/16 ಸುತ್ತು ಮಾತ್ರ ಬಲಕ್ಕೆ ತಿರುಗಿಸ್ತಾ, ಒಂದು ಉದ್ದ ಓಟ ಓಡಿಸಿ, ಗ್ಲೋ ಪ್ಲಗ್ (ಫ್ಯೂಯಲ್ ಹೊತ್ತಿಸೋ ಪ್ಲಗ್) ಹತ್ರ ಟೆಂಪರೇಚರ್ ಗನ್ ಹಿಡಿದು ನೋಡ್ತಾ ಹೋದೆ. 105ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದು, ತೆಳ್ಳಗೆ ನೀಲಿ ಹೊಗೆಯ ಗೆರೆ ಬರ್ತಾ ಇದ್ರೆ ಅಲ್ಲಿಗೆ ಕೈ ಬಿಟ್ಟುಬಿಡ್ಬೇಕು. ಇನ್ನೂ ಒಂಚೂರು ಲೀನ್ (ಫ್ಯೂಯಲ್ ಕಮ್ಮಿ) ಮಾಡಿದ್ರೆ ಸ್ಪೀಡ್ ಬರತ್ತೆ, ಬರೋದು ನಿಜ, ಆದ್ರೆ ಈ ಇಂಜಿನ್ನಿಗೆ ಬೇರೆ ಆಯಿಲ್ ಇಲ್ಲ, ಮೆಥನಾಲು ನೈಟ್ರೋಮೀಥೇನ್ ಜೊತೆ ಫ್ಯೂಯಲ್‌ನಲ್ಲೇ ಬೆರೆತಿರೋ ಆಯಿಲೇ ಪಿಸ್ಟನ್ ಕಾಯೋದು, ಫ್ಯೂಯಲ್ ಕಮ್ಮಿ ಮಾಡಿದ್ರೆ ಆಯಿಲೂ ಕಮ್ಮಿ ಆಯ್ತು. ಲೋ ಸ್ಪೀಡ್ ನೀಡಲ್‌ಗೆ ಪಿಂಚ್ ಟೆಸ್ಟು: ಬಿಸಿ ಇಂಜಿನ್ ಐಡಲ್‌ನಲ್ಲಿದ್ದಾಗ ಕಾರ್ಬ್ ಹತ್ರ ಟ್ಯೂಬ್ ಚಿವುಟಿ ಹಿಡಿದ್ರೆ ಎರಡು ಮೂರು ಸೆಕೆಂಡಲ್ಲಿ ದನಿ ಸ್ವಲ್ಪ ಏರಿ ಆಫ್ ಆಗ್ಬೇಕು. ತಕ್ಷಣ ಆಫ್ ಆದ್ರೆ ಲೀನ್, ತುಂಬಾ ಹೊತ್ತು ಎಳೆದ್ರೆ ರಿಚ್.

ಇನ್ನೊಂದು, ಒಂದ್ ಸಲ ಸೆಟ್ ಮಾಡಿದ್ರೆ ಮುಗೀತು ಅನ್ನೋದಲ್ಲ ಇದು. ಏಪ್ರಿಲ್ ಮಧ್ಯಾಹ್ನ 32 ಡಿಗ್ರೀಲಿ ಕೂರಿಸಿದ ಸೂಜೀನ ಡಿಸೆಂಬರ್ ಬೆಳಗ್ಗೆ 15 ಡಿಗ್ರೀಲಿ ಹಂಗೇ ಓಡಿಸಿದ್ರೆ ಗಾಳಿ ಶೇಕಡಾ 5-6ರಷ್ಟು ದಟ್ಟ ಆಗಿರತ್ತೆ, ಅಂದ್ರೆ ಅರ್ಧ ಘಾಟಿ ಇಳಿದಷ್ಟೇ ವ್ಯತ್ಯಾಸ, ಗೊತ್ತಿಲ್ದೇ ಲೀನ್ ಆಗಿ ಇಂಜಿನ್ ಸುಟ್ಟೋಗತ್ತೆ. ಚಳಿ ಶುರುವಾದಾಗ ಮೊದ್ಲು ಎಡಕ್ಕೆ ತಿರುಗಿಸಿ ರಿಚ್ ಮಾಡ್ಕೊಂಡು, ಅಲ್ಲಿಂದ ಮತ್ತೆ ಹುಡುಕೋದು.

ಫ್ಯೂಯಲ್ ಬಗ್ಗೆ ಎರಡೇ ಮಾತು. ಮೆಥನಾಲ್ ಗಾಳೀಲಿರೋ ನೀರು ಹೀರ್ಕೊಳತ್ತೆ, ನಮ್ ಕಡೆ ಜೂನಿಂದ ಇರೋ ಥಂಡೀಲಿ ಮುಚ್ಚಳ ಸಡ್ಲ ಬಿಟ್ರೆ ಡಬ್ಬಿ ಪೂರ್ತಿ ಹಾಳು. ಮತ್ತೆ ಅದಕ್ಕೆ ಬೆಂಕಿ ಹತ್ತಿದ್ರೆ ಬಿಸಿಲಲ್ಲಿ ಜ್ವಾಲೆ ಕಣ್ಣಿಗೇ ಕಾಣಲ್ಲ, ಕುಡಿದ್ರೆ ವಿಷ, ಚರ್ಮದಿಂದಾನೂ ಒಳಗೆ ಹೋಗತ್ತೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಓಡಿಸಿ ಆದ್ಮೇಲೆ ಟ್ಯಾಂಕ್ ಖಾಲಿ ಮಾಡಿ, ಆಫ್ಟರ್ ರನ್ ಆಯಿಲ್ ಎರಡು ಹನಿ ಬಿಟ್ಟು ಇಂಜಿನ್ ತಿರುಗಿಸಿಡಿ, ಇಲ್ಲಾಂದ್ರೆ ಮಳೆಗಾಲ ಮುಗಿಯೋದ್ರೊಳಗೆ ಬೇರಿಂಗ್ ತುಕ್ಕು.

ಬಾಕಿ ಇರೋದು ಎರಡನೇ ಗೇರ್ ಬೀಳೋ ಪಾಯಿಂಟ್, ಈಗ ತೀರಾ ಬೇಗ ಬೀಳ್ತಿದೆ, ಇಂಜಿನ್ ದನಿ ಇನ್ನೂ ಏರ್ತಾ ಇರುವಾಗ್ಲೇ ಕುಸಿಯತ್ತೆ, ಸ್ಕ್ರೂ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ನೋಡ್ಬೇಕು. ಬಾಡಿ ಪೋಸ್ಟ್ ಕಟ್ ಮಾಡಿ ಲೆಕ್ಸಾನ್ ಪ್ಲಾಸ್ಟಿಕ್ ಬಾಡೀನ ಟೈರಿಗೆ ತಾಗದಷ್ಟು ಕೆಳಗಿಳಿಸೋದು, ಒಳಗಡೆಯಿಂದ ಕೆಂಪು ಬಣ್ಣ ಹೊಡೆಯೋದು, ಹಿಂದೆ ಕೆಎ 13 ಅಂತ ಸಣ್ಣದೊಂದು ಸ್ಟಿಕರ್ ಅಂಟ್ಸೋದು. ಸ್ವೇ ಬಾರ್ (ತಿರುವಲ್ಲಿ ಗಾಡಿ ವಾಲೋದನ್ನ ತಡೆಯೋ ಕಡ್ಡಿ) ಆರ್ಡರ್ ಮಾಡಿದೀನಿ, ಬಂದ್ಮೇಲೆ ಸ್ಪ್ರಿಂಗ್ ಒಂದ್ ಹಂತ ಮೆತ್ತಗಿನದು ಹಾಕಿ ನೋಡ್ತೀನಿ, ಈಗಿರೋ ಗಟ್ಟಿಗೆ ಟಾರಿನ ಸಣ್ಣ ಕಲ್ಲಿಗೂ ಹಿಂದಿನ ಚಕ್ರ ಪುಟಿಯತ್ತೆ.