ಯುಗಾದಿಗೆ ಬೆಳೆದ ಚೆಂಡು ಹೂ

2020ರ ಯುಗಾದಿ ದಿನ ನಮ್ಮೂರಲ್ಲಿ ಹೂವಿನ ಹಾರ ಇಲ್ಲದ ಹಸು ಇರಲಿಲ್ಲ. ಟ್ರ್ಯಾಕ್ಟರ್, ಸ್ಕೂಟರ್, ಪಂಪ್‌ಸೆಟ್ಟಿನ ಡಬ್ಬ, ಎಲ್ಲಕ್ಕೂ ಚೆಂಡು ಹೂ. ಅಷ್ಟೂ ನಮ್ಮ ಹೊಲದ್ದೇ, ಪುಕ್ಕಟೆ.

ಪಾಂಡವಪುರದ ಹತ್ತಿರ 20 ಗುಂಟೆಯಲ್ಲಿ ಹೂ ಹಾಕಿದ್ದೆ. ಹಬ್ಬಕ್ಕೆ ಸರಿಯಾಗಿ ಸಿಗಲಿ ಅಂತ ಸಂಕ್ರಾಂತಿ ಮುಗಿದ ವಾರ ಸಸಿ ನೆಟ್ಟಿದ್ದು. ಸಿಕ್ಕಿತು ಕೂಡ. ಆದರೆ ಅಷ್ಟರಲ್ಲಿ ಮದುವೆ, ಜಾತ್ರೆ ನಿಂತಿದ್ದವು. ದೇವಸ್ಥಾನಗಳಿಗೆ ಬೀಗ. ಮಾರ್ಚ್ 24ರ ರಾತ್ರಿ ಟಿವಿಯಲ್ಲಿ 21 ದಿನ ಲಾಕ್‌ಡೌನ್ ಅಂದರು. ಬೆಳಗಾದರೆ ಯುಗಾದಿ, ಹೂವಿನ ಚೀಲ ಕಟ್ಟಿ ಜಗುಲಿ ಮೇಲಿಟ್ಟಾಗಿತ್ತು. ಮೈಸೂರಿನ ಮಂಡಿಯವರು ಫೋನ್ ಮಾಡಿದರು. "ತರ್ಬೇಡಿ ಅಣ್ಣ, ಮೊನ್ನೇದೇ ಕೊಳೀತಾ ಬಿದ್ದದೆ."

ತರಕಾರಿ ಗಾಡಿಗಳನ್ನು ಬಿಡುತ್ತಿದ್ದರು. ಪಕ್ಕದ ಹೊಲದವನು ಟೊಮೆಟೊ ಕೇಳಿದ ರೇಟಿಗೆ ಕೊಟ್ಟ, ಉಳಿದದ್ದನ್ನು ಹಂಚಿದ, ಜನ ಸಾರು ಮಾಡಿಕೊಂಡು ತಿಂದರು. ಚೆಂಡು ಹೂವನ್ನ ಏನು ಮಾಡೋದು? ದನ ಕೂಡ ಮೂಸಿ ಮುಖ ತಿರುಗಿಸುತ್ತೆ.

ಆದರೂ ಅವ್ವ ಬಿಡಿಸೋದು ನಿಲ್ಲಿಸಲಿಲ್ಲ. ಅರಳಿದ ಹೂ ಗಿಡದಲ್ಲೇ ಬಿಟ್ಟರೆ ಬೀಜ ಕಟ್ಟುತ್ತೆ, ಆಮೇಲೆ ಮೊಗ್ಗು ಬರೋದು ಕಮ್ಮಿ. "21 ದಿನ ತಾನೇ, ಗಿಡ ಉಳ್ಕಳ್ಳಿ ಕಣ್ಲಾ" ಅಂತ ದಿನ ಬಿಟ್ಟು ದಿನ ಬೆಳಿಗ್ಗೆ ಮಡಿಲು ತುಂಬ ಬಿಡಿಸಿ ಬದುವಿಗೆ ಸುರಿಯುತ್ತಿದ್ದಳು. ಮೇಲೆ ಹಳದಿ, ಅಡಿಯಲ್ಲಿ ಕಪ್ಪಗೆ ಲೋಳೆ. ಕೈ ಹಾಕಿದರೆ ಒಳಗೆ ಬಿಸಿ ಬಿಸಿ. ಆ ವಾಸನೆ ಊಟಕ್ಕೆ ಕೂತರೂ ಬೆರಳಲ್ಲೇ ಇರುತ್ತಿತ್ತು.

ಮನೆ ನಡೆದದ್ದು ಎರಡು ಹಸುವಿಂದ. ನಮ್ಮೂರ ಡೇರಿ ಒಂದು ದಿನವೂ ಹಾಲು ಬೇಡ ಅನ್ನಲಿಲ್ಲ. ಸುಣ್ಣದ ವೃತ್ತದೊಳಗೆ ಕ್ಯಾನ್ ಹಿಡಿದು ನಿಲ್ಲಬೇಕಿತ್ತು, ಅಷ್ಟೇ.

ಏಪ್ರಿಲ್ 14ಕ್ಕೆ ಮುಗಿಯೋ ಲಾಕ್‌ಡೌನ್ ಮೇ 3ಕ್ಕೆ ಹೋಯಿತು. ಮಾರನೇ ದಿನವೇ ರೋಟಾವೇಟರ್ ಹೊಡೆಸಿದೆ. ಅವ್ವ ಹೊಲದ ಕಡೆ ಬರಲಿಲ್ಲ.

ಮೇ ತಿಂಗಳಲ್ಲಿ ಸರ್ಕಾರ ಹೂ ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಅಂತ ಹೇಳಿತು. ನಮ್ಮ 20 ಗುಂಟೆಗೆ ಸುಮಾರು 5,000. ಸಸಿಯ ದುಡ್ಡೂ ಹುಟ್ಟಲ್ಲ, ಇರಲಿ ಅಂತ ಅರ್ಜಿ ಹಿಡಿದು ಹೋದೆ. ಅಲ್ಲಿದ್ದವರು ಪಹಣಿ ನೋಡಿದರು. ಬೆಳೆ ಅನ್ನೋ ಕಡೆ ರಾಗಿ ಅಂತಿತ್ತು. ಮೊಬೈಲಲ್ಲಿ ಹೂವಿನ ಫೋಟೋ ತೋರಿಸಿದೆ. ಹಾರ ಹಾಕಿಕೊಂಡ ಹಸುವನ್ನೂ ತೋರಿಸಿದೆ.

"ಚೆನ್ನಾಗೈತೆ. ಆದ್ರೆ ರಾಗಿಗೆ ಪರಿಹಾರ ಇಲ್ವಲ್ಲ" ಅಂದರು.

ಜುಲೈನಲ್ಲಿ ಮಳೆ ಬಂತು. ಅಲ್ಲಿ ರಾಗಿಯನ್ನೇ ಹಾಕಿದೆ.